ಮೊದಲ ವರ್ಷದ ಪಾಠ ಬೆರಳಿಗೆ ಇಳಿಯಬೇಕು

ನಿಮ್ಮ ಮೊಣಕೈಯ ಒಳಬದಿಯಲ್ಲಿ ಉಬ್ಬಿಕೊಂಡಿರುವ ಮೂಳೆಯ ಹಿಂದೆ ಬೆರಳಿಟ್ಟು ಮೆಲ್ಲಗೆ ಹೊರಳಿಸಿ ನೋಡಿ. ಅಲ್ಲಿರುವ ಸಣ್ಣ ತಗ್ಗಿನಲ್ಲಿ ಹುರಿಯಂಥದ್ದೊಂದು ಬೆರಳಿನ ಕೆಳಗೆ ಜಾರುತ್ತದೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿದಾಗ ಕಿರುಬೆರಳಿನ ತುದಿಯವರೆಗೂ ಕರೆಂಟು ಹೊಡೆದ ಹಾಗಾಗುತ್ತದಲ್ಲ, ಅದು ಈ ನರಕ್ಕೆ ಬಿದ್ದ ಪೆಟ್ಟು. ಹೆಸರು ಅಲ್ನರ್ ನರ. ಬಹಳಷ್ಟು ಮೆಡಿಕಲ್ ಕಾಲೇಜುಗಳಲ್ಲಿ ಡಿಸೆಕ್ಷನ್ ಶುರುವಾಗುವುದು ತೋಳಿನಿಂದ. ಹಾಗಾಗಿ ಎಂಬಿಬಿಎಸ್ ಸೇರಿದ ಮಕ್ಕಳಿಗೆ ಮೊದಲ ತಿಂಗಳುಗಳಲ್ಲೇ ಈ ನರದ ಪರಿಚಯವಾಗುತ್ತದೆ.

ಅನಾಟಮಿ ಮೇಷ್ಟ್ರಾದ ನನಗೆ ವೈವಾದಲ್ಲಿ ಈ ನರದ ಬಗ್ಗೆ ಕೇಳುವುದೆಂದರೆ ಇಷ್ಟ. ಹೆಚ್ಚಿನವರು ಉಸಿರು ಬಿಡದೆ ಒಪ್ಪಿಸುತ್ತಾರೆ: ಮೂಲ ಸಿ8, ಟಿ1, ಮುಂದೋಳಿನಲ್ಲಿ ಒಂದೂವರೆ ಸ್ನಾಯುವಿಗೆ, ಅಂಗೈಯಲ್ಲಿ ಹೆಚ್ಚುಕಡಿಮೆ ಎಲ್ಲ ಸಣ್ಣ ಸ್ನಾಯುಗಳಿಗೆ ಪೂರೈಕೆ. ಉತ್ತರ ಸರಿಯಾಗಿದೆ. "ಸರಿಯಮ್ಮ, ಈಗ ನಿನ್ನ ಪಕ್ಕದವಳ ಕೈಯಲ್ಲಿ ಅದನ್ನು ಮುಟ್ಟಿ ತೋರಿಸು" ಎಂದಾಗ ಮಾತ್ರ ಮುಖ ಬಾಡುತ್ತದೆ. ಬಾಯಿಗೆ ಬಂದದ್ದು ಬೆರಳಿಗೆ ಬಂದಿರುವುದಿಲ್ಲ.

ಇದು ಸಣ್ಣ ಸಂಗತಿಯಲ್ಲ. ಕುಷ್ಠರೋಗದ ಬ್ಯಾಕ್ಟೀರಿಯಾಕ್ಕೆ ದೇಹದಲ್ಲಿ ಪ್ರಿಯವಾದ ಜಾಗಗಳಲ್ಲಿ ಈ ನರವೂ ಒಂದು. ಮೊಣಕೈಯ ಹಿಂದೆ ಅದು ದಪ್ಪಗಾಗುತ್ತದೆ, ಮುಟ್ಟಿದರೆ ನೋಯುತ್ತದೆ. ತಿಂಗಳು ಕಳೆದಂತೆ ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ. ಸ್ಪರ್ಶ ಸತ್ತ ಬೆರಳಿಗೆ ಒಲೆಯ ಬಿಸಿಯೂ ತಿಳಿಯುವುದಿಲ್ಲ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠರೋಗ ನಿರ್ಮೂಲನವಾಗಿದೆ ಎಂದು ದೇಶ 2005ರಲ್ಲಿ ಘೋಷಿಸಿಕೊಂಡಿತು. ಹೊಸ ರೋಗಿಗಳು ಈಗಲೂ ಬರುತ್ತಿದ್ದಾರೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತ ವೈದ್ಯೆಯ ಕೈಯಲ್ಲಿ ಸ್ಕ್ಯಾನಿಂಗ್ ಯಂತ್ರ ಇರುವುದಿಲ್ಲ. ಸ್ಪರ್ಶವಿಲ್ಲದ, ತುಸು ಬಿಳಿಚಿದ ಒಂದು ಮಚ್ಚೆ ಮತ್ತು ದಪ್ಪಗಾದ ಒಂದು ನರ, ಇವೆರಡನ್ನು ಅವರ ಬೆರಳು ಹುಡುಕಬೇಕು. ಹುಡುಕಿದರೆ ಸರ್ಕಾರ ಉಚಿತವಾಗಿ ಕೊಡುವ ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಲ್ಲೋ ವರ್ಷದಲ್ಲೋ ರೋಗ ವಾಸಿಯಾಗುತ್ತದೆ, ಕೈ ಉಳಿಯುತ್ತದೆ. ನರ ದಪ್ಪಗಿದೆ ಎನ್ನಬೇಕಾದರೆ ಸಹಜವಾದ ನರ ಎಷ್ಟು ದಪ್ಪ ಎಂದು ಬೆರಳಿಗೆ ಮೊದಲೇ ಗೊತ್ತಿರಬೇಕು. ಅದನ್ನು ತಿಳಿದುಕೊಳ್ಳುವ ಕಾಲ ಮೊದಲ ವರ್ಷ.

ನಮ್ಮ ಮಕ್ಕಳು ಹೆಸರು ಕೇಳಿರುವ 'ಗ್ರೇಸ್ ಅನಾಟಮಿ' ಲಂಡನ್ನಿನಲ್ಲಿ ಮೊದಲು ಅಚ್ಚಾದದ್ದು 1858ರಲ್ಲಿ. ಬರೆದವರು ಹೆನ್ರಿ ಗ್ರೇ. ಮೂರು ವರ್ಷಗಳಲ್ಲೇ, ಇನ್ನೂ 34ರ ಹರೆಯದಲ್ಲಿ, ಸಿಡುಬಿಗೆ ತುತ್ತಾದರು. ಪುಸ್ತಕದ ಪ್ರಾಣವಾದ ಚಿತ್ರಗಳನ್ನು ಬಿಡಿಸಿದವರು ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ಇನ್ನೊಬ್ಬ ವೈದ್ಯರು. ಹೆಸರುಗಳನ್ನು ಪುಟದ ಅಂಚಿಗೆ ತಳ್ಳದೆ ಸ್ನಾಯುವಿನ ಮೇಲೆ, ನರದ ಮೇಲೆ, ಅದರ ಮೈಯುದ್ದಕ್ಕೂ ಬರೆದದ್ದು ಅವರ ಚಿತ್ರಗಳ ವೈಶಿಷ್ಟ್ಯ. ಪುಸ್ತಕ ಹೊರಬಂದ ವರ್ಷವೇ ಕಾರ್ಟರ್ ಹಡಗು ಹತ್ತಿ ಬೊಂಬಾಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ, ಫಿಸಿಯಾಲಜಿ ಪಾಠ ಮಾಡಿದರು. ಬದುಕಿನ ಮುಂದಿನ ದಶಕಗಳ ಬಹುಪಾಲನ್ನು ಅವರು ಕೊಟ್ಟದ್ದು ಇಲ್ಲಿನ ಬಡವರ ಕಾಯಿಲೆಗಳಿಗೆ: ಕುಷ್ಠ, ಮದುರಾ ಕಾಲು, ಮರುಕಳಿಸುವ ಜ್ವರ. ಆರೋಗ್ಯವಂತ ನರವನ್ನು ಅಷ್ಟು ತಾಳ್ಮೆಯಿಂದ ಬಿಡಿಸಿ ಬಲ್ಲ ಕೈ, ಆ ನರವನ್ನು ಕೆಡಿಸುವ ರೋಗದ ಕಡೆಗೆ ಹೊರಳಿದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಮೊದಲ ವರ್ಷದ ಮುಖ್ಯ ವಿಷಯಗಳು ಮೂರು. ಅನಾಟಮಿ ದೇಹದ ರಚನೆ, ಫಿಸಿಯಾಲಜಿ ಅದರ ಕೆಲಸ, ಬಯೊಕೆಮಿಸ್ಟ್ರಿ ಆ ಕೆಲಸದ ಹಿಂದಿನ ರಸಾಯನ. ಈ ಹಂತಕ್ಕೆ ಹಿಂದೆ ಒಂದೂವರೆ ವರ್ಷವಿತ್ತು. 1997ರ ನಿಯಮಾವಳಿ ಅದನ್ನು ಒಂದು ವರ್ಷಕ್ಕೆ ಇಳಿಸಿತು. ಆರು ತಿಂಗಳು ಹೋಯಿತು, ಪುಸ್ತಕಗಳು ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಬಂದವು. ನೀಟ್‌ಗಾಗಿ ಎರಡು ಮೂರು ವರ್ಷ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸ ಮಾಡಿಕೊಂಡು ಬಂದ ಮಕ್ಕಳು ಇಲ್ಲಿಯೂ ಅದೇ ಓಟ ಮುಂದುವರಿಸುತ್ತಾರೆ. "ಫಸ್ಟ್ ಇಯರ್ ಹೇಗಾದರೂ ಪಾಸ್ ಮಾಡಿಬಿಡು, ನಿಜವಾದ ಡಾಕ್ಟರಿಕೆ ಆಮೇಲೆ" ಎಂದು ಸೀನಿಯರ್‌ಗಳು ಹಾಸ್ಟೆಲಿನಲ್ಲಿ ಬುದ್ಧಿ ಹೇಳುತ್ತಾರೆ. ಈ ಮಾತಿನಷ್ಟು ಹಾನಿ ಮಾಡಿದ ಮಾತು ಮೆಡಿಕಲ್ ಕಾಲೇಜಿನಲ್ಲಿ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಫಿಸಿಯಾಲಜಿ, ಬಯೊಕೆಮಿಸ್ಟ್ರಿ ಎರಡರಲ್ಲೂ ಬರುವ ಒಂದು ಪಾಠವನ್ನೇ ನೋಡಿ. ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಒಂದು ಪ್ರೋಟೀನು ಇದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ಬಂದರೆ ಎರಡನ್ನೂ ಒಳಕ್ಕೆ ಬಿಡುತ್ತದೆ. ಸೋಡಿಯಂ ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಪರೀಕ್ಷೆಯಲ್ಲಿ ಇದು ಎರಡು ಮೂರು ಅಂಕದ ಪ್ರಶ್ನೆ. ಬಾಣದ ಗುರುತು ಹಾಕಿದ ಚಿತ್ರ ಬರೆದರೆ ಮುಗಿಯಿತು. ಈ ಜೋಡಿ ಸಾಗಣೆಯ ವಿಚಾರವನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಆಗ ಅದು ಪ್ರಯೋಗಾಲಯದ ಸಂಗತಿ, ಅದರಿಂದ ಯಾರ ಜೀವ ಉಳಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಇದ್ದರೂ ಅಷ್ಟು ಜನರಿಗೆ ಸೂಜಿ ಚುಚ್ಚುವ ಕೈಗಳಿರಲಿಲ್ಲ. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಮಕ್ಕಳ ವೈದ್ಯರು. ಕಾಲರಾದ ವಿಷ ಕರುಳಿನ ಕೋಶಗಳಿಂದ ಉಪ್ಪು, ನೀರನ್ನು ಹೊರಕ್ಕೆ ಸುರಿಸುತ್ತದೆ ನಿಜ, ಆದರೆ ಆ ಪ್ರೋಟೀನಿನ ಬಾಗಿಲನ್ನು ಅದು ಮುಚ್ಚುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಅಡುಗೆ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಲೆಕ್ಕಕ್ಕೆ ಸರಿಯಾಗಿ ಬೆರೆಸಿ, ನೀರಲ್ಲಿ ಕದಡಿ, ದೊಡ್ಡ ಪಾತ್ರೆಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಕಡೆಯವರೇ ಲೋಟದಲ್ಲಿ ತೆಗೆದುಕೊಂಡು ಹೋಗಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು.

ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಒಆರ್‌ಎಸ್ ಪೊಟ್ಟಣ ಆ ಪಾತ್ರೆಯ ನೀರಿನ ವಂಶದ್ದೇ. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸೋಡಿಯಂ ಮತ್ತು ಗ್ಲೂಕೋಸಿನ ಕಣಗಳು ಸಮಸಮ ಇರುವಂತೆ ಹಾಕಿದ ಲೆಕ್ಕ ಇದು. ಇಡೀ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ, ಅಥವಾ ಮಗು ಕುಡಿಯಲೆಂದು ಮೇಲೆ ನಾಲ್ಕು ಚಮಚ ಸಕ್ಕರೆ ಹಾಕಿದರೆ, ಕರುಳಿನಲ್ಲಿ ಉಳಿದ ಸಕ್ಕರೆ ದೇಹದ ನೀರನ್ನೇ ತನ್ನ ಕಡೆಗೆ ಎಳೆದುಕೊಂಡು ಭೇದಿ ಇನ್ನೂ ಹೆಚ್ಚುತ್ತದೆ. ಎರಡು ಅಂಕದ ಚಿತ್ರ ಅರ್ಥವಾಗಿರುವ ವೈದ್ಯ ಇದನ್ನು ತಾಯಿಗೆ ಮೂರು ಮಾತಿನಲ್ಲಿ ತಿಳಿಸಬಲ್ಲ. ಅರ್ಥವಾಗದವನು ಚೀಟಿ ಬರೆದು ಮುಂದಿನ ರೋಗಿಯನ್ನು ಕರೆಯುತ್ತಾನೆ. ನಾನು ಪಠ್ಯ ರೂಪಿಸುವ ಜಾಗದಲ್ಲಿದ್ದರೆ ಆ ಚಿತ್ರದ ಪಕ್ಕದಲ್ಲೇ ಬನಗಾಂವ್‌ನ ಕಥೆ ಅಚ್ಚಾಗುತ್ತಿತ್ತು.

ಬಯೊಕೆಮಿಸ್ಟ್ರಿ ಲ್ಯಾಬಿನ ಬಗ್ಗೆಯೂ ಒಂದು ಮಾತು. ರಂಜಕದ ಪ್ರಮಾಣ ಅಳೆಯಲು ಮಕ್ಕಳು ಕಲಿಯುವ ಫಿಸ್ಕೆ–ಸುಬ್ಬರಾವ್ ವಿಧಾನದ ಸುಬ್ಬರಾವ್ ಯಾರು ಎಂದು ಕೇಳಿದರೆ ತರಗತಿ ಮೌನ. ಯಲ್ಲಾಪ್ರಗಡ ಸುಬ್ಬರಾವ್ ಆಂಧ್ರದ ಭೀಮವರಂನವರು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಬ್ರಿಟಿಷ್ ಪ್ರೊಫೆಸರರ ಕೋಪಕ್ಕೆ ಗುರಿಯಾಗಿ, ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಪದವಿ ಪಡೆದರು. ಅಮೆರಿಕದ ಹಾರ್ವರ್ಡ್‌ಗೆ ಹೋಗಿ, ಸ್ನಾಯು ಕೆಲಸ ಮಾಡುವಾಗ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬರಾದರು. ಮೊದಲ ಇಂಟರ್ನಲ್ಸ್‌ನಲ್ಲಿ ನಪಾಸಾಗಿ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡವರಿಗೆ ಈ ಮನುಷ್ಯನ ಬಗ್ಗೆ ಯಾರಾದರೂ ಹೇಳಬೇಕು.

ಇನ್ನು ಬಿಪಿ ನೋಡುವುದು. ಎಲ್ಲರಿಗೂ ಗೊತ್ತಿರುವ, ಬಹಳ ಸಲ ಅವಸರದಲ್ಲಿ ಮುಗಿದುಹೋಗುವ ಕೆಲಸ. ಫಿಸಿಯಾಲಜಿ ಲ್ಯಾಬಿನಲ್ಲಿ ಇದನ್ನು ಹೇಗೆ ಕಲಿಸುತ್ತಾರೆ ನೋಡಿ. ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತುವಂತಿಲ್ಲ. ಮೊದಲು ಸ್ಟೆತಾಸ್ಕೋಪ್ ಬೇಡ. ಮಣಿಕಟ್ಟಿನ ನಾಡಿ ಹಿಡಿದುಕೊಂಡು ಪಟ್ಟಿಗೆ ಗಾಳಿ ತುಂಬಬೇಕು, ಎಲ್ಲಿ ನಾಡಿ ಮರೆಯಾಯಿತು ಎಂದು ಬೆರಳಿಗೆ ತಿಳಿಯಬೇಕು. ಗಾಳಿ ಬಿಟ್ಟು, ಎರಡನೇ ಸಲ ಆ ಅಂಕಿಗಿಂತ ಮೂವತ್ತರಷ್ಟು ಮೇಲಕ್ಕೆ ತುಂಬಿ, ಮೊಣಕೈಯ ಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು, ನಿಧಾನವಾಗಿ ಇಳಿಸುತ್ತ ಕಿವಿಗೊಡಬೇಕು. ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರಟ್ಕಾಫ್ 1905ರಲ್ಲಿ ವಿವರಿಸಿದ ಟಪ್ ಟಪ್ ಸದ್ದು ಆಗ ಕೇಳತೊಡಗುತ್ತದೆ. ಕೆಲವರಲ್ಲಿ ಈ ಸದ್ದು ಶುರುವಾಗಿ, ನಡುವೆ ಪೂರ್ತಿ ನಿಂತು, ಮತ್ತೆ ಬರುತ್ತದೆ. ಮೊದಲು ನಾಡಿ ಹಿಡಿಯದೆ ನೇರವಾಗಿ ಸ್ಟೆತಾಸ್ಕೋಪ್ ಇಟ್ಟವರು ಎರಡನೇ ಸಲ ಬಂದ ಸದ್ದನ್ನೇ ಮೊದಲನೆಯದೆಂದು ತಿಳಿದು, 180 ಇದ್ದವರಿಗೆ 140 ಎಂದು ಬರೆದುಬಿಡಬಹುದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇದಕ್ಕೆ ತದ್ವಿರುದ್ಧ. ಇಲ್ಲದ ಬಿಪಿ ಕಾಣಿಸಿಕೊಂಡು ಬೇಡದ ಮಾತ್ರೆ ಶುರುವಾಗುತ್ತದೆ. ಪಾದರಸದ ಉಪಕರಣಗಳು ಮರೆಗೆ ಸರಿದು ಡಿಜಿಟಲ್ ಯಂತ್ರಗಳು ಬರುತ್ತಿವೆ, ಬರಲಿ. ಪಟ್ಟಿಯ ಅಳತೆ, ತೋಳಿನ ಮಟ್ಟ, ಐದು ನಿಮಿಷದ ವಿಶ್ರಾಂತಿ ಇವನ್ನು ಯಂತ್ರ ನೋಡಿಕೊಳ್ಳುವುದಿಲ್ಲ.

ಸೊಂಟಕ್ಕೆ ಕೊಡುವ ಇಂಜೆಕ್ಷನ್ನೂ ಹೀಗೆಯೇ. ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ಮೇಲಿನ ಹೊರಭಾಗಕ್ಕೆ ಮಾತ್ರ ಸೂಜಿ ಹೋಗಬೇಕು. ಕೆಳ ಒಳಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಸಯಾಟಿಕ್ ನರ ಹಾದುಹೋಗುತ್ತದೆ. ಅದಕ್ಕೆ ಔಷಧಿ ತಗುಲಿದ ಮಗು ಪಾದ ಎತ್ತಲಾಗದೆ ಕಾಲೆಳೆಯುತ್ತ ನಡೆಯುವುದನ್ನು ನೋಡಿದವರು ಗ್ಲೂಟಿಯಲ್ ಪ್ರದೇಶದ ಡಿಸೆಕ್ಷನ್ ತರಗತಿಯನ್ನು ಎಂದೂ ತಪ್ಪಿಸಿಕೊಳ್ಳಲಾರರು.

2019ರಲ್ಲಿ ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಏನು ಗೊತ್ತು ಎಂಬುದರ ಜೊತೆಗೆ ಏನು ಮಾಡಬಲ್ಲೆ ಎಂದು ಅದು ಕೇಳುತ್ತದೆ. ಶುರುವಿನಲ್ಲೇ ಫೌಂಡೇಶನ್ ಕೋರ್ಸ್ ಇದೆ: ಪ್ರಥಮ ಚಿಕಿತ್ಸೆ, ಎದೆಯೊತ್ತಿ ಜೀವ ಉಳಿಸುವ ಕ್ರಮ, ಕೈ ತೊಳೆಯುವ ರೀತಿ, ಸ್ಥಳೀಯ ಭಾಷೆ. ಮೊದಲ ವರ್ಷದಲ್ಲೇ ವಾರ್ಡಿಗೆ ಕರೆದೊಯ್ದು ರೋಗಿಯನ್ನು ತೋರಿಸುವ ವ್ಯವಸ್ಥೆ ಇದೆ. ಹಳ್ಳಿಯ ಕೆಲವು ಕುಟುಂಬಗಳನ್ನು ವಿದ್ಯಾರ್ಥಿಗೆ ಒಪ್ಪಿಸಿ ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮವೂ ಆಮೇಲೆ ಸೇರಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಬೇಕಿಲ್ಲ. ಆದರೆ ಪ್ರತಿ ಕೌಶಲಕ್ಕೂ ಲಾಗ್‌ಬುಕ್ಕಿನಲ್ಲಿ ಸಹಿ ಬೇಕು, ಪಾಠ ಮಾಡುವವರು ಕಡಿಮೆ. ಸಹಿ ಸಿಕ್ಕರೆ ಕೌಶಲ ಬಂದಂತೆ ಎಂಬ ಭಾವನೆ ಬೇರೂರಿದರೆ ಹೊಸ ಪಠ್ಯಕ್ರಮವೂ ಹಳೆಯ ಬಾಯಿಪಾಠವೇ ಆಗಿಬಿಡುತ್ತದೆ.

ಭಾಷೆಯ ತರಗತಿಗೆ ಎಲ್ಲಕ್ಕಿಂತ ಕಡಿಮೆ ಮರ್ಯಾದೆ, ಇದು ನನ್ನ ದೊಡ್ಡ ಸಂಕಟ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾದ್ದು. ರಾಜಸ್ಥಾನದಿಂದ, ಕೇರಳದಿಂದ, ಬಿಹಾರದಿಂದ ಬರುವ ಮಕ್ಕಳು ಎರಡೇ ವರ್ಷದಲ್ಲಿ ಕಲಬುರಗಿಯ ಅಜ್ಜಿಯ ಎದುರು ಕೂರಬೇಕು. "ಎದ್ಯಾಗ ಹಿಡದಂಗ ಆಗತೈತ್ರಿ, ಏರಿ ಹತ್ತಿದ್ರ ದಮ್ಮು ಬರತೈತಿ" ಎಂದು ಆಕೆ ಹೇಳಿದರೆ ರೋಗ ಅರ್ಧ ಪತ್ತೆಯಾದಂತೆ. ಎಷ್ಟು ದಿನದಿಂದ, ಎಷ್ಟು ದೂರ ನಡೆದರೆ, ಕೂತರೆ ಕಡಿಮೆಯಾಗುತ್ತದೆಯೇ, ಎಡಗೈಗೆ ಇಳಿಯುತ್ತದೆಯೇ: ಉಳಿದರ್ಧ ಈ ಪ್ರಶ್ನೆಗಳಲ್ಲಿದೆ. ನರ್ಸಮ್ಮನನ್ನು ನಡುವೆ ಇಟ್ಟುಕೊಂಡು ಕೇಳಿದರೆ ಉತ್ತರ ಮೊಟಕಾಗುತ್ತದೆ. ಮುಟ್ಟಿನ ವಿಷಯ, ಮೂತ್ರದ ವಿಷಯ ಬರುವುದೇ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದಾದ ಹುಡುಗಿ ಕಾಲೇಜಿಗೆ ಬಂದ ದಿನದಿಂದ ಇಂಗ್ಲಿಷಿನಲ್ಲಿ ಮುಳುಗುತ್ತಾಳೆ. ವೈವಾದಲ್ಲಿ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಅದೇ ಹುಡುಗಿ ವಾರ್ಡಿನಲ್ಲಿ ಮಂಚದ ಪಕ್ಕ ನಿಂತು "ಯಾವಾಗಿಂದ ಅಜ್ಜಿ, ಊಟ ಸೇರತೈತಿ?" ಎಂದು ಶುರುಮಾಡಿದರೆ, ಇಡೀ ಬ್ಯಾಚಿನಲ್ಲಿ ಆಕೆಯಷ್ಟು ಚೆನ್ನಾಗಿ ರೋಗದ ಕಥೆ ಹೊರಡಿಸುವವರು ಇನ್ನೊಬ್ಬರಿರುವುದಿಲ್ಲ. ಈ ಕೌಶಲಕ್ಕೆ ಮೊದಲ ವರ್ಷದಲ್ಲಿ ಅಂಕ ಎಲ್ಲಿದೆ? ವೈವಾದಲ್ಲಿ ಕನ್ನಡದಲ್ಲಿ ಉತ್ತರಿಸಲು ಬಿಡುವ ಪರೀಕ್ಷಕರಿದ್ದಾರೆ, ಅವರ ಸಂಖ್ಯೆ ಹೆಚ್ಚಬೇಕು. ಡಾ. ಅನುಪಮಾ ನಿರಂಜನ 'ತಾಯಿ ಮಗು' ಬರೆದು ಗರ್ಭ, ಹೆರಿಗೆಯ ವಿಜ್ಞಾನವನ್ನು ಮನೆಮನೆಯ ಹೆಂಗಸರಿಗೆ ಮುಟ್ಟಿಸಿದ ನಾಡು ಇದು. ಹೊರರಾಜ್ಯದ ಮಕ್ಕಳಿಗೆ ಅಕ್ಷರಮಾಲೆ ತಿದ್ದಿಸುವ ಬದಲು ವಾರ್ಡಿನಲ್ಲಿ ರೋಗಿಗಳ ಮಾತು ಕೇಳಿಸಿಕೊಳ್ಳುವ ತರಗತಿ ನಡೆಸಿದರೆ ಎರಡೇ ತಿಂಗಳಲ್ಲಿ ಕೆಲಸಕ್ಕೆ ಬೇಕಾದ ಕನ್ನಡ ಬರುತ್ತದೆ.

ಕಡೆಯದಾಗಿ ಡಿಸೆಕ್ಷನ್ ಹಾಲ್. ಫಾರ್ಮಲಿನ್ ವಾಸನೆಗೆ ಕಣ್ಣುರಿದು ನೀರು ಸುರಿಯುತ್ತದೆ. ಸ್ಟೀಲ್ ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದ ದೇಹ. ಚಾಕು ಹಿಡಿಯುವ ಮುನ್ನ ಎಲ್ಲರೂ ಎದ್ದುನಿಂತು ಪ್ರತಿಜ್ಞೆ ಮಾಡುತ್ತಾರೆ: ಈ ದೇಹವನ್ನು ಗೌರವಿಸುತ್ತೇವೆ, ಫೋಟೋ ತೆಗೆಯುವುದಿಲ್ಲ, ಇವರೇ ನಮ್ಮ ಮೊದಲ ಗುರು. ಮೃತದೇಹದಿಂದ ಕಲಿಯುವುದು ನಮಗೆ ಹೊರಗಿನಿಂದ ಬಂದದ್ದಲ್ಲ. ದೇಹಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆಮೇಲೆ ಲಾವಂಚದ ಬೇರು, ಬಿದಿರು ಮುಂತಾದವುಗಳ ಕುಂಚದಿಂದ ಪದರ ಪದರವಾಗಿ ಉಜ್ಜುತ್ತ ಕಣ್ಣಾರೆ ನೋಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಆ ಪರಂಪರೆ ಕಡಿದು ಎಷ್ಟೋ ಶತಮಾನಗಳಾದ ಮೇಲೆ, 1836ರಲ್ಲಿ, ಆಯುರ್ವೇದ ಪಂಡಿತರಾಗಿದ್ದ ಮಧುಸೂದನ ಗುಪ್ತ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಜಾತಿಯ ಬೆದರಿಕೆಗೆ ಜಗ್ಗದೆ ಚಾಕು ಹಿಡಿದರು.

ಈಗ ಮೇಜಿನಷ್ಟು ದೊಡ್ಡ ಟಚ್ ಸ್ಕ್ರೀನ್‌ನಲ್ಲಿ ದೇಹವನ್ನು ಬಿಚ್ಚಿ ತೋರಿಸುವ ಯಂತ್ರಗಳು ಬಂದಿವೆ. ಪಾಠಕ್ಕೆ ಅವು ಒಳ್ಳೆಯ ಜೊತೆ. ಆದರೆ ಸ್ಕ್ರೀನ್ ತೋರಿಸುವ ತೋಳು ಪುಸ್ತಕದ ತೋಳೇ. ತೋಳಿನ ಮುಖ್ಯ ಅಪಧಮನಿ ಮೊಣಕೈ ಬಳಿ ಕವಲೊಡೆಯುತ್ತದೆ ಎಂದು ಪುಸ್ತಕದಲ್ಲಿದೆ. ಕೆಲವು ದೇಹಗಳಲ್ಲಿ ಅದು ಕಂಕುಳ ಹತ್ತಿರವೇ ಒಡೆದಿರುತ್ತದೆ, ಒಂದು ಕವಲು ಮೊಣಕೈಯಲ್ಲಿ ಚರ್ಮದ ಕೆಳಗೇ ಹಾದಿರುತ್ತದೆ. ಗೊತ್ತಿಲ್ಲದವರು ಅದನ್ನು ಅಭಿಧಮನಿ ಎಂದು ತಿಳಿದು ಔಷಧಿ ಚುಚ್ಚಿದರೆ ಕೈಗೇ ಕುತ್ತು. ಪಕ್ಕದ ಮೇಜಿನಲ್ಲಿ ಹೀಗೊಂದು ಸಿಕ್ಕಿದೆ ಎಂದು ಸುದ್ದಿಯಾದರೆ ಇಡೀ ಬ್ಯಾಚು ಅಲ್ಲಿಗೆ ಓಡುತ್ತದೆ. ಒಂದೊಂದು ದೇಹವೂ ಒಂದೊಂದು ಥರ ಎನ್ನುವುದು ಅವತ್ತು ಮನದಟ್ಟಾಗುತ್ತದೆ. ವೈದ್ಯರಲ್ಲದವರೂ ಇದನ್ನು ಸ್ವಲ್ಪ ಕಾಣಬೇಕೆಂದರೆ ಮಣಿಪಾಲದ ಅನಾಟಮಿ ಮತ್ತು ಪೆಥಾಲಜಿ ಮ್ಯೂಸಿಯಂಗೆ ಹೋಗಿಬನ್ನಿ.

ಇದಕ್ಕೆಲ್ಲ ದೇಹಗಳು ಬೇಕು. ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡಲು ನಮ್ಮಲ್ಲಿ 1957ರ ಅಂಗರಚನಾ ಕಾಯ್ದೆ ಇದೆ. ಆದರೆ ಬೀದಿಯಲ್ಲಿ ಸತ್ತ ಬಡವರ ಮೇಲೆಯೇ ವೈದ್ಯರ ಕಲಿಕೆ ನಿಂತಿರುವುದು ನ್ಯಾಯವಲ್ಲ. ಮನಸಾರೆ ಕೊಟ್ಟ ದೇಹದ ಮುಂದೆ ನಿಂತಾಗ ವಿದ್ಯಾರ್ಥಿಯ ನಡವಳಿಕೆಯೇ ಬೇರೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ದಾನ ಮಾಡುವುದಾಗಿ ಬರೆದಿಟ್ಟು 2008ರಲ್ಲಿ ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಅಧ್ಯಾಪಕರು. ಎರಡು ವರ್ಷ ಕೆಡದಂತೆ ಕಾಪಾಡಿದ ತಂದೆಯ ದೇಹವನ್ನು 2010ರ ನವೆಂಬರಿನಲ್ಲಿ, ವಿದ್ಯಾರ್ಥಿಗಳ ಎದುರು, ಸ್ವತಃ ಅವರೇ ಡಿಸೆಕ್ಷನ್ ಮಾಡಿದರು. ಆ ಭಾಗದಲ್ಲಿ ದೇಹದಾನದ ಮಾತು ಮನೆಗಳಲ್ಲಿ ನಡೆಯುವಂತಾಗಲು ಈ ತಂದೆ–ಮಗ ದೊಡ್ಡ ಕಾರಣ.

ದೇಹದಾನ ಮಾಡಬೇಕೆನ್ನುವವರು ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಅರ್ಜಿ ಕೇಳಿದರಾಯಿತು. ನಿಮ್ಮ ಸಹಿಯ ಜೊತೆ ಮನೆಯವರ, ಸಾಕ್ಷಿಗಳ ಸಹಿ ಬೇಕಾಗುತ್ತದೆ. ಕಣ್ಣು ದಾನ ಮಾಡಿದ ಮೇಲೂ ದೇಹ ಕೊಡಬಹುದು. ಅಪಘಾತದಲ್ಲಿ ಸತ್ತು ಪೋಸ್ಟ್‌ಮಾರ್ಟಂ ಆಗಿದ್ದರೆ, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ವೈದ್ಯರು ಕೊಟ್ಟ ಮರಣ ಪ್ರಮಾಣಪತ್ರ ಬೇಕು, ದೇಹ ಕೆಡುವ ಮುನ್ನ, ಕೆಲವೇ ಗಂಟೆಗಳಲ್ಲಿ ಕಾಲೇಜಿಗೆ ತಲುಪಬೇಕು. ಅರ್ಜಿ ತುಂಬಿದ ವಿಷಯವನ್ನು ಮಕ್ಕಳಿಗೆ, ಮನೆಯವರಿಗೆ ಮೊದಲೇ ಹೇಳಿಡಿ. ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ.